ವರ್ಷಕ್ಕೊಂದು ಹೆಸರು

ಪಟ್ಟಿಯ ಮೊದಲ ಹೆಸರು ಡಿಕಿ ಹೆಮ್ರಿಕ್. ವರ್ಷ 1954, ಕಾಲೇಜು ವೇಕ್ ಫಾರೆಸ್ಟ್. ಇವತ್ತು ಆ ವಿಶ್ವವಿದ್ಯಾಲಯ ಎಂದರೆ ವಿನ್‌ಸ್ಟನ್-ಸೇಲಮ್ ನಗರ ಕಣ್ಣಿಗೆ ಬರುತ್ತದೆ. ಹೆಮ್ರಿಕ್ ಆಡುತ್ತಿದ್ದ ಕಾಲಕ್ಕೆ ಅದು ಇದ್ದದ್ದು ರಾಲಿಯ ಉತ್ತರಕ್ಕಿರುವ ವೇಕ್ ಫಾರೆಸ್ಟ್ ಎಂಬ ಊರಿನಲ್ಲೇ. 1956ರಲ್ಲಿ ಕಾಲೇಜು ಊರು ಬಿಟ್ಟಿತು, ಹೆಸರನ್ನು ಜೊತೆಗೇ ಒಯ್ದಿತು. ಹಳೆಯ ಕ್ಯಾಂಪಸ್ಸಿನಲ್ಲಿ ಈಗ ಬ್ಯಾಪ್ಟಿಸ್ಟರ ಧರ್ಮಶಿಕ್ಷಣದ ಕಾಲೇಜಿದೆ. ನಾರ್ತ್ ಕ್ಯಾರೊಲೈನಾ ರಾಜ್ಯದ ರಾಲಿ, ಡರಮ್, ಚಾಪೆಲ್ ಹಿಲ್ ಸುತ್ತ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಎಷ್ಟೋ ಜನ ಆ ರಸ್ತೆಯಲ್ಲಿ ವಾರಕ್ಕೊಮ್ಮೆಯಾದರೂ ಓಡಾಡುತ್ತೇವೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಬಹು ದೊಡ್ಡ ಗೌರವವೊಂದರ ಮೊದಲ ಪುಟ ಬರೆದದ್ದು ಅಲ್ಲಿ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಸಂಚಿಕೆಗೆ ನಾವು ಬಂದು ನೆಲೆಸಿದ ನೆಲದ ಬಗ್ಗೆ ಬರೆಯಬೇಕೆಂದಾಗ ನಾನು ಎಸಿಸಿ ಎಂಬ ಕಾಲೇಜು ಕೂಟದ ವರ್ಷದ ಆಟಗಾರ ಪ್ರಶಸ್ತಿಯನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ. ಈ ಸೀಮೆಯ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಇಷ್ಟು ಸಣ್ಣ ಪಟ್ಟಿಯಲ್ಲಿ ಹಿಡಿದಿಟ್ಟ ಇನ್ನೊಂದು ದಾಖಲೆ ನನಗೆ ಕಂಡಿಲ್ಲ.

ಹೆಮ್ರಿಕ್ ಆರು ಅಡಿ ಆರು ಅಂಗುಲದ ಗಟ್ಟಿ ಆಳು, ಇದೇ ರಾಜ್ಯದ ಜೋನ್ಸ್‌ವಿಲ್ ಎಂಬ ಸಣ್ಣ ಊರಿನವರು. ಆಗಿನ ಆಟದಲ್ಲಿ ಮೂರಂಕದ ಗೆರೆ ಇರಲಿಲ್ಲ. ಇಷ್ಟು ಸೆಕೆಂಡಿನೊಳಗೆ ಚೆಂಡನ್ನು ಬುಟ್ಟಿಯತ್ತ ಎಸೆಯಲೇಬೇಕೆಂಬ ಗಡಿಯಾರವೂ ಇರಲಿಲ್ಲ. ಬುಟ್ಟಿಯ ಕೆಳಗೆ ಬೆನ್ನು ಕೊಟ್ಟು ನಿಂತು, ತಳ್ಳಾಟದಲ್ಲೇ ಜಾಗ ಮಾಡಿಕೊಂಡು ಅವರು ಕಲೆಹಾಕಿದ್ದು 2,587 ಅಂಕ. ಆ ಲೆಕ್ಕವನ್ನು ದಾಟಲು ಎಸಿಸಿಯ ಇನ್ನೊಬ್ಬ ಆಟಗಾರನಿಗೆ 2006ರವರೆಗೆ ಆಗಲಿಲ್ಲ. ದಾಟಿದವರು ಡ್ಯೂಕ್‌ನ ಜೆ.ಜೆ. ರೆಡಿಕ್, ಅದೂ ಹೆಮ್ರಿಕ್ ಕಂಡೇ ಇರದ ಮೂರಂಕದ ಗೆರೆಯ ಹೊರಗೆ ನಿಂತು. 1955ರಲ್ಲೂ ಪ್ರಶಸ್ತಿ ಹೆಮ್ರಿಕ್ ಅವರದೇ ಆಯಿತು.

ಎಸಿಸಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಹುಟ್ಟಿದ್ದು 1953ರ ಮೇ 8ರಂದು, ಗ್ರೀನ್ಸ್‌ಬರೊ ಅಂಚಿನ ಸೆಜ್‌ಫೀಲ್ಡ್ ಇನ್ ಎಂಬ ಹೋಟೆಲಿನಲ್ಲಿ. ಹಳೆಯ ಸದರ್ನ್ ಕಾನ್ಫರೆನ್ಸ್‌ನಿಂದ ಏಳು ಕಾಲೇಜುಗಳು ಹೊರಬಂದು ಕೂಟ ಕಟ್ಟಿದವು: ಡ್ಯೂಕ್, ನಾರ್ತ್ ಕ್ಯಾರೊಲೈನಾ, ಎನ್.ಸಿ. ಸ್ಟೇಟ್, ವೇಕ್ ಫಾರೆಸ್ಟ್, ಕ್ಲೆಮ್ಸನ್, ಸೌತ್ ಕ್ಯಾರೊಲೈನಾ, ಮೇರಿಲ್ಯಾಂಡ್. ಡಿಸೆಂಬರಿನಲ್ಲಿ ವರ್ಜೀನಿಯಾ ಸೇರಿ ಎಂಟಾಯಿತು. ಎಂಟರಲ್ಲಿ ನಾಲ್ಕು ಈ ಒಂದೇ ರಾಜ್ಯದವು. ಅವುಗಳಲ್ಲೂ ಮೂರು ಒಂದು ಗಂಟೆಯ ದಾರಿಯೊಳಗಿನವು. ಅಕ್ಕಪಕ್ಕದ ಊರುಗಳ ಪೈಪೋಟಿ ಎಷ್ಟು ಉರಿಯುತ್ತದೆ ಎಂಬುದನ್ನು ಹುಬ್ಬಳ್ಳಿ-ಧಾರವಾಡದವರಿಗೆ ಹೇಳಿಕೊಡಬೇಕಿಲ್ಲ.

ಪ್ರಶಸ್ತಿಯ ಆಯ್ಕೆ ಕಾನ್ಫರೆನ್ಸ್ ಅಧಿಕಾರಿಗಳ ಕೈಯಲ್ಲಿ ಇರಲಿಲ್ಲ. ಈ ಕರಾವಳಿಯ ಪತ್ರಿಕೆಗಳ ಕ್ರೀಡಾ ಬರಹಗಾರರ ಸಂಘ ಮತ ಹಾಕುತ್ತಿತ್ತು. ಊರೂರು ಸುತ್ತಿ ಆಟ ನೋಡಿ, ರಾತ್ರಿ ಟೈಪ್‌ರೈಟರ್ ಮುಂದೆ ಕುಳಿತು ವರದಿ ಕಳಿಸುತ್ತಿದ್ದವರೇ ಮಾರ್ಚ್ ತಿಂಗಳಲ್ಲಿ ತೀರ್ಪುಗಾರರಾಗುತ್ತಿದ್ದರು. 2013ರಲ್ಲಿ ಕೋಚ್‌ಗಳೂ ತಮ್ಮದೇ ಮತ ಹಾಕಿದರು. ಆ ವರ್ಷ ಬರಹಗಾರರು ವರ್ಜೀನಿಯಾ ಟೆಕ್‌ನ ಎರಿಕ್ ಗ್ರೀನ್ ಅವರನ್ನು ಆರಿಸಿದರೆ ಕೋಚ್‌ಗಳು ಮಯಾಮಿಯ ಶೇನ್ ಲಾರ್ಕಿನ್ ಅವರನ್ನು ಆರಿಸಿದರು. ಒಂದೇ ಆಟ, ಒಂದೇ ಋತು, ಎರಡು ಜೊತೆ ಕಣ್ಣು, ಎರಡು ಹೆಸರು.

ನನ್ನ ಅಣ್ಣ ವಾಳೂಜ್‌ನ ಕಾರ್ಖಾನೆಯೊಂದರಲ್ಲಿದ್ದಾನೆ. ಓದಿದ್ದು ಔರಂಗಾಬಾದಿನಲ್ಲಿ, ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಕಾಲೇಜು ತಂಡಕ್ಕೆ ಬಾಸ್ಕೆಟ್‌ಬಾಲ್ ಆಡಿದವನು. ಫೋನಿನಲ್ಲಿ ಈ ಪ್ರಶಸ್ತಿಯ ಸುದ್ದಿ ಹೇಳಿದಾಗ, "ಆಡೋದು ಒಬ್ಬಾಂವ, ವೋಟ್ ಹಾಕೋದು ಇನ್ನೊಬ್ಬಾಂವ. ಇದೆಂಥಾ ಲೆಕ್ಕೋ ತಮ್ಮಾ? ಗೆದ್ದ ತಂಡಕ್ಕ ಕಪ್ ಕೊಟ್ರ ಮುಗೀತಲ್ಲ?" ಎಂದ. ಅವನ ಮಾತಿನ ಹಿಂದೆ ನಮ್ಮ ದೇಶದ ಪದ್ಧತಿಯೇ ಇದೆ. ನಮ್ಮಲ್ಲಿ ಅಂತರ ವಿಶ್ವವಿದ್ಯಾಲಯ ಕ್ರೀಡೆ ನಡೆಯುವುದು ವಲಯಗಳ ಲೆಕ್ಕದಲ್ಲಿ.   ವಲಯದಲ್ಲಿ ಮೇಲೆ ಬಂದ ತಂಡಗಳು ಅಖಿಲ ಭಾರತ ಸುತ್ತಿಗೆ ಹೋಗುತ್ತವೆ. ಎಲ್ಲ ಕ್ರೀಡೆಗಳ ಅಂಕ ಕೂಡಿಸಿ ಕೊಡುವ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ 1956-57ರಿಂದಲೂ ವಿಶ್ವವಿದ್ಯಾಲಯಕ್ಕೇ ಸಲ್ಲುತ್ತದೆ. ಗುರುನಾನಕ್ ದೇವ್ ವಿಶ್ವವಿದ್ಯಾಲಯ ಅದನ್ನು ಎಷ್ಟು ಸಲ ಗೆದ್ದಿದೆ ಎಂದು ಅಮೃತಸರದ ಮಕ್ಕಳು ಬಾಯಿಪಾಠ ಹೇಳಬಹುದು, ಗೆಲ್ಲಿಸಿದ ಹುಡುಗ ಹುಡುಗಿಯರ ಹೆಸರು ಹೇಳುವುದು ಕಷ್ಟ. ಎಸಿಸಿ ಪ್ರಶಸ್ತಿಯ ವಿಶೇಷ ಇರುವುದು ಇಲ್ಲೇ. ತಂಡ ಎಲ್ಲಿ ನಿಂತಿತು ಎಂಬುದನ್ನು ಪಕ್ಕಕ್ಕಿಟ್ಟು, ಒಬ್ಬ ವಿದ್ಯಾರ್ಥಿಯ ಹೆಸರನ್ನು ಅದು ಉಳಿಸುತ್ತದೆ.

ಆದರೆ ಅಣ್ಣನ ಪ್ರಶ್ನೆ ಸುಲಭದ್ದಲ್ಲ. ಮತ ಎಂದ ಮೇಲೆ ಮತ ಹಾಕುವವನ ಮನಸ್ಸೂ ಅದರೊಳಗೆ ಬರುತ್ತದೆ. 1966ರ ಆಯ್ಕೆ ನೋಡಿ. ಡ್ಯೂಕ್‌ನ ಸ್ಟೀವ್ ವಾಸೆಂಡಕ್ ಆ ವರ್ಷ ಕಾನ್ಫರೆನ್ಸ್‌ನ ಅತ್ಯುತ್ತಮ ಐವರ ಮೊದಲ ತಂಡದಲ್ಲೇ ಇರಲಿಲ್ಲ. ಅವರದೇ ತಂಡದ ಬಾಬ್ ವರ್ಗಾ, ಜ್ಯಾಕ್ ಮ್ಯಾರಿನ್ ಇಬ್ಬರೂ ಇದ್ದರು. ಆದರೂ ವರ್ಷದ ಆಟಗಾರ ವಾಸೆಂಡಕ್ ಆದರು. ಕಾನ್ಫರೆನ್ಸ್ ಟೂರ್ನಿಯಲ್ಲಿ ಅವರು ಆಡಿದ ರೀತಿ ಬರಹಗಾರರ ಮನಸ್ಸನ್ನು ಕಟ್ಟಿಹಾಕಿತ್ತು. ಅಂಕಿಗಳ ಪುಸ್ತಕ ಒಂದು ಹೇಳುತ್ತಿದ್ದಾಗ ಕಣ್ಣು ಇನ್ನೊಂದು ಹೇಳಿತು, ಮತದಾರರು ಕಣ್ಣನ್ನು ನಂಬಿದರು. ನನಗೆ ಆ ಆಯ್ಕೆ ಇಷ್ಟ. ಅದೇ ಕಣ್ಣು ಇನ್ನೊಬ್ಬರನ್ನು ಕಾಣದೆ ಹೋದ ಕಥೆಯೂ ಇದೆ.

ಪಟ್ಟಿಯ ಮೊದಲ ಹದಿನೇಳು ವರ್ಷ ಒಂದೂ ಕಪ್ಪು ಜನರ ಹೆಸರಿಲ್ಲ. 1954ರ ಮೇ ತಿಂಗಳಲ್ಲಿ, ಹೆಮ್ರಿಕ್‌ಗೆ ಮೊದಲ ಪ್ರಶಸ್ತಿ ಸಂದು ಕೆಲವೇ ವಾರಗಳಿಗೆ, ಶಾಲೆಗಳಲ್ಲಿ ಬಣ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕಾನ್ಫರೆನ್ಸ್ ಹುಟ್ಟಿದ ಗ್ರೀನ್ಸ್‌ಬರೊದಲ್ಲೇ 1960ರ ಫೆಬ್ರುವರಿ 1ರಂದು ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರಿಗಷ್ಟೇ ಮೀಸಲಾಗಿದ್ದ ಊಟದ ಕೌಂಟರಿನ ಮುಂದೆ ಕುಳಿತು ಏಳಲೊಪ್ಪಲಿಲ್ಲ. ಎಸಿಸಿಯ ಅಂಗಳಕ್ಕೆ ಮೊದಲ ಕಪ್ಪು ಆಟಗಾರ, ಮೇರಿಲ್ಯಾಂಡ್‌ನ ಬಿಲ್ಲಿ ಜೋನ್ಸ್, ಇಳಿದದ್ದು 1965ರಲ್ಲಿ.

ಹಾಗೆಂದು ಆ ಹದಿನೇಳು ವರ್ಷ ಇಲ್ಲಿ ಕಪ್ಪು ಜನರು ಆಡುತ್ತಿರಲಿಲ್ಲವೆ? ಡರಮ್‌ನಲ್ಲಿ ನೀಗ್ರೋ ಕಾಲೇಜೆಂದು ಕರೆಸಿಕೊಳ್ಳುತ್ತಿದ್ದ, ಈಗಿನ ನಾರ್ತ್ ಕ್ಯಾರೊಲೈನಾ ಸೆಂಟ್ರಲ್ ವಿಶ್ವವಿದ್ಯಾಲಯದ ಕೋಚ್ ಜಾನ್ ಮೆಕ್‌ಲೆಂಡನ್, ಬಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಅವರಿಂದಲೇ ಕಾನ್ಸಾಸ್‌ನಲ್ಲಿ ಪಾಠ ಕಲಿತವರು. 1944ರ ಮಾರ್ಚ್ 12ರ ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದಾಗ, ಬಾಗಿಲಿಗೆ ಬೀಗ ಹಾಕಿದ ಜಿಮ್ಮಿನೊಳಗೆ ಅವರ ತಂಡ ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯರ ತಂಡದೊಡನೆ ಗುಟ್ಟಾಗಿ ಆಡಿತು. ಕಾನೂನು ಒಪ್ಪದ ಆಟವದು. ಮೆಕ್‌ಲೆಂಡನ್ ಹುಡುಗರು 88-44ರಿಂದ ಗೆದ್ದರು. ಮುಂದೆ ಅದೇ ಕಾಲೇಜಿನಲ್ಲಿ ಆಡಿದ ಸ್ಯಾಮ್ ಜೋನ್ಸ್ ಅವರನ್ನು 1957ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಆರಿಸಿಕೊಂಡಿತು, ಅವರು ಅಲ್ಲಿ ಹತ್ತು ಸಲ ಎನ್‌ಬಿಎ ಚಾಂಪಿಯನ್ ಆದರು. 1967ರಲ್ಲಿ ವಿನ್‌ಸ್ಟನ್-ಸೇಲಮ್ ಸ್ಟೇಟ್‌ನ ಅರ್ಲ್ ಮನ್ರೊ ಪಂದ್ಯಕ್ಕೆ ಸರಾಸರಿ 41.5 ಅಂಕ ಗಳಿಸುತ್ತಿದ್ದರು, ವೇಕ್ ಫಾರೆಸ್ಟ್ ಇರುವ ಅದೇ ಊರಿನಲ್ಲಿ. ಇವರಾರೂ ಎಸಿಸಿ ಪಟ್ಟಿಗೆ ಬರುವಂತಿರಲಿಲ್ಲ. ಈ ಪ್ರಶಸ್ತಿಯ ಚರಿತ್ರೆ ಬರೆಯುವವರು ಪಟ್ಟಿಯ ಹೊರಗಿನ ಈ ಹೆಸರುಗಳನ್ನೂ ಬರೆಯಬೇಕೆಂದು ನನ್ನ ಹಟ.

ಪಟ್ಟಿಯೊಳಗಿದ್ದವರ ಆಟ ಕಡಿಮೆಯದೆಂದು ಇದರ ಅರ್ಥವಲ್ಲ. ಸ್ಯಾಮ್ ಜೋನ್ಸ್ ಹೊರಬಿದ್ದ 1957ರಲ್ಲೇ ನಾರ್ತ್ ಕ್ಯಾರೊಲೈನಾದ ಲೆನಿ ರೋಸೆನ್‌ಬ್ಲೂತ್ ಪ್ರಶಸ್ತಿ ಪಡೆದರು. ನ್ಯೂಯಾರ್ಕಿನ ಯಹೂದಿ ಹುಡುಗ, ಅದೇ ನಗರದಿಂದ ಬಂದ ಕೋಚ್ ಫ್ರ್ಯಾಂಕ್ ಮೆಗ್ವೈರ್ ಕರೆತಂದವರು. ಆ ತಂಡ 32 ಪಂದ್ಯ ಆಡಿ 32ನ್ನೂ ಗೆದ್ದಿತು. ರಾಷ್ಟ್ರೀಯ ಫೈನಲ್‌ನಲ್ಲಿ ವಿಲ್ಟ್ ಚೇಂಬರ್ಲೇನ್ ಇದ್ದ ಕಾನ್ಸಾಸ್ ತಂಡವನ್ನು ಮೂರು ಹೆಚ್ಚುವರಿ ಅವಧಿಗಳ ನಂತರ 54-53ರಿಂದ ಸೋಲಿಸಿತು. ಆ ಪಂದ್ಯ ಟಿ.ವಿ.ಯಲ್ಲಿ ರಾಜ್ಯದ ಮನೆಗಳಿಗೆ ಬಂದದ್ದರಿಂದಲೇ ನಾರ್ತ್ ಕ್ಯಾರೊಲೈನಾಕ್ಕೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಯಿತು ಎಂದು ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ.

ಚಾರ್ಲಿ ಸ್ಕಾಟ್ ಅವರ ವಿಷಯಕ್ಕೆ ಬರುತ್ತೇನೆ. ನ್ಯೂಯಾರ್ಕಿನಲ್ಲಿ ಬೆಳೆದು, ಇದೇ ರಾಜ್ಯದ ಲಾರಿನ್‌ಬರ್ಗ್‌ನಲ್ಲಿ ಓದಿ, 1966ರಲ್ಲಿ ಚಾಪೆಲ್ ಹಿಲ್‌ಗೆ ಬಂದವರು. ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಕ್ರೀಡಾ ವಿದ್ಯಾರ್ಥಿವೇತನ ಪಡೆದ ಮೊದಲ ಕಪ್ಪು ಆಟಗಾರ. 1968ರಲ್ಲಿ ಮೆಕ್ಸಿಕೊ ಒಲಿಂಪಿಕ್ಸ್‌ನಿಂದ ಚಿನ್ನ ತಂದರು. 1969ರ ಎಸಿಸಿ ಟೂರ್ನಿಯ ಫೈನಲ್‌ನಲ್ಲಿ ಡ್ಯೂಕ್ ವಿರುದ್ಧ 40 ಅಂಕ ಗಳಿಸಿ, ಸೋಲುತ್ತಿದ್ದ ಪಂದ್ಯವನ್ನು ತಿರುಗಿಸಿದರು. ಆ ಋತುವಿನ ಪ್ರಶಸ್ತಿ ಸೌತ್ ಕ್ಯಾರೊಲೈನಾದ ಜಾನ್ ರೋಚ್ ಅವರಿಗೆ ಹೋಯಿತು. ಸ್ಕಾಟ್ ಮನಸ್ಸು ಎಷ್ಟು ಮುರಿಯಿತೆಂದರೆ ಮುಂದಿನ ಪಂದ್ಯ ಆಡುವುದೇ ಬೇಡವೆನ್ನುವ ಮಟ್ಟಕ್ಕೆ ಬಂದಿದ್ದರು. ಆದರೂ ಆಡಿದರು. ಡೇವಿಡ್ಸನ್ ವಿರುದ್ಧ ಕೊನೆಯ ಕ್ಷಣದ ಎಸೆತದಲ್ಲಿ 87-85ರಿಂದ ತಂಡವನ್ನು ರಾಷ್ಟ್ರದ ಕೊನೆಯ ನಾಲ್ಕು ತಂಡಗಳ ಸಾಲಿಗೆ ಒಯ್ದರು. ಮರುವರ್ಷ ಅವರ ಸರಾಸರಿ ಪಂದ್ಯಕ್ಕೆ 27.1 ಅಂಕ. ಪ್ರಶಸ್ತಿ ಮತ್ತೆ ರೋಚ್‌ಗೆ.

ರೋಚ್ ದೊಡ್ಡ ಆಟಗಾರ, ಅವರ ಬಗ್ಗೆ ಕೇಡಿನ ಮಾತು ಆಡಬಾರದು. ಅವರು ಮತ ಕೇಳಿರಲಿಲ್ಲ. ಆದರೆ ಎರಡು ವರ್ಷ ಒಂದೇ ರೀತಿ ನಡೆದದ್ದನ್ನು ಆಕಸ್ಮಿಕವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ತನ್ನ ಬಣ್ಣವೇ ಅಡ್ಡ ಬಂದದ್ದೆಂದು ಸ್ಕಾಟ್ ಬಹಿರಂಗವಾಗಿ ಹೇಳಿದ್ದಾರೆ. 2018ರಲ್ಲಿ ನೈಸ್ಮಿತ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡಿತು. ಎಸಿಸಿ ಪಟ್ಟಿಯ 1969 ಮತ್ತು 1970ರ ಸಾಲುಗಳು ಮಾತ್ರ ಇದ್ದಂತೆಯೇ ಇವೆ, ಇರಬೇಕು ಕೂಡ. ತಿದ್ದಿದರೆ ಮತ ಹಾಕಿದವರ ತಪ್ಪಿಗೂ ಸಾಕ್ಷಿ ಇಲ್ಲವಾಗುತ್ತದೆ. 1971ರಲ್ಲಿ ವೇಕ್ ಫಾರೆಸ್ಟ್‌ನ ಗಾರ್ಡ್ ಚಾರ್ಲಿ ಡೇವಿಸ್ ಈ ಪ್ರಶಸ್ತಿ ಪಡೆದ ಮೊದಲ ಕಪ್ಪು ಆಟಗಾರರಾದರು.

ಎರಡು ವರ್ಷ ಕಳೆದ ಮೇಲೆ ಬಂದ ಹೆಸರಿನ ಮುಂದೆ ಯಾರೂ ವಾದ ಹೂಡಲಿಲ್ಲ. ಎನ್.ಸಿ. ಸ್ಟೇಟ್‌ನ ಡೇವಿಡ್ ಥಾಂಪ್ಸನ್ 1973, 1974, 1975, ಮೂರೂ ವರ್ಷ ಗೆದ್ದರು. ಅವರು ಕಾಲೇಜು ಸೇರಿದಾಗ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯ ತಂಡದಲ್ಲಿ ಆಡಲು ಅವಕಾಶವಿರಲಿಲ್ಲ. ಹಾಗಾಗಿ ಆಡಲು ಬಿಟ್ಟ ಪ್ರತಿ ವರ್ಷವೂ ಅವರೇ ವರ್ಷದ ಆಟಗಾರ. ಇನ್ನೊಂದು ಕಟ್ಟುಪಾಡೂ ಇತ್ತು: ಆಗ ಚೆಂಡನ್ನು ಮೇಲಿಂದ ಬುಟ್ಟಿಗೆ ತುರುಕುವ ಡಂಕ್‌ಗೆ ನಿಷೇಧ. ಅದಕ್ಕೆ ಥಾಂಪ್ಸನ್ ಮತ್ತು ಜೊತೆಗಾರರು ಕಂಡುಕೊಂಡ ದಾರಿ ಎಂದರೆ, ಬುಟ್ಟಿಯ ಎತ್ತರಕ್ಕೆ ಎಸೆದ ಚೆಂಡನ್ನು ಗಾಳಿಯಲ್ಲೇ ಹಿಡಿದು, ನೆಲ ಮುಟ್ಟುವ ಮೊದಲು ಮೆಲ್ಲಗೆ ಒಳಗೆ ಇಳಿಬಿಡುವುದು. ನಿಷೇಧವೇ ಆಟಕ್ಕೆ ಹೊಸ ಸೊಗಸು ಕೊಟ್ಟಿತು. ಕೊನೆಯ ತವರು ಪಂದ್ಯದಲ್ಲಿ ಮಾತ್ರ ಅವರು ಒಮ್ಮೆ ಡಂಕ್ ಮಾಡಿಯೇ ಬಿಟ್ಟರು. ರೆಫರಿ ಫೌಲ್ ಕೊಟ್ಟರು, ರೆನಾಲ್ಡ್ಸ್ ಕೊಲಿಸಿಯಂ ಎದ್ದು ನಿಂತಿತು.

1973ರಲ್ಲಿ ಆ ತಂಡ 27 ಪಂದ್ಯವನ್ನೂ ಗೆದ್ದು, ನಿಯಮ ಉಲ್ಲಂಘನೆಯ ಶಿಕ್ಷೆಯಲ್ಲಿದ್ದುದರಿಂದ ರಾಷ್ಟ್ರೀಯ ಟೂರ್ನಿಗೆ ಹೋಗಲಾಗಲಿಲ್ಲ. ಮುಂದಿನ ವರ್ಷ ಎಸಿಸಿ ಫೈನಲ್‌ನಲ್ಲಿ ಮೇರಿಲ್ಯಾಂಡ್ ಅನ್ನು ಹೆಚ್ಚುವರಿ ಅವಧಿಯಲ್ಲಿ 103-100ರಿಂದ ಸೋಲಿಸಿತು. ಕಾನ್ಫರೆನ್ಸ್ ಗೆದ್ದ ತಂಡಕ್ಕೆ ಮಾತ್ರ ರಾಷ್ಟ್ರೀಯ ಟೂರ್ನಿಯ ಬಾಗಿಲು ತೆರೆಯುತ್ತಿದ್ದ ಕಾಲ. ಅಷ್ಟು ಒಳ್ಳೆಯ ಮೇರಿಲ್ಯಾಂಡ್ ಮನೆಗೆ ಹೋಯಿತು. ಆ ಅನ್ಯಾಯ ಎಲ್ಲರ ಕಣ್ಣಿಗೆ ಬಿದ್ದು, 1975ರಿಂದ ಟೂರ್ನಿ 32 ತಂಡಗಳಿಗೆ ಹಿಗ್ಗಿತು. ಇಂದಿನ ಮಾರ್ಚ್ ಸಂಭ್ರಮದ ಬೀಜ ಬಿದ್ದದ್ದು ಆ ರಾತ್ರಿ. 1974ರಲ್ಲೇ ಎನ್.ಸಿ. ಸ್ಟೇಟ್, ಸತತ ಏಳು ವರ್ಷ ರಾಷ್ಟ್ರ ಗೆದ್ದಿದ್ದ ಯುಸಿಎಲ್ಎಯನ್ನು ಸೆಮಿಫೈನಲ್‌ನಲ್ಲಿ ಕೆಡವಿ ಚಾಂಪಿಯನ್ ಆಯಿತು. ಥಾಂಪ್ಸನ್ ಬದುಕು ಮುಂದೆ ನೇರವಾಗಿ ಸಾಗಲಿಲ್ಲ. ಮಾದಕ ಚಟ, ಮೊಣಕಾಲಿನ ಪೆಟ್ಟು ವೃತ್ತಿಯನ್ನು ಬೇಗ ಮುಗಿಸಿದವು. ಅವರು ಎದ್ದು ಬಂದರು. 2003ರಲ್ಲಿ ಬಾಕಿ ಉಳಿದಿದ್ದ ಪದವಿ ಮುಗಿಸಿದರು. 2009ರಲ್ಲಿ ಮೈಕೆಲ್ ಜೋರ್ಡನ್ ಹಾಲ್ ಆಫ್ ಫೇಮ್ ಸೇರುವಾಗ ವೇದಿಕೆಯಲ್ಲಿ ತನ್ನ ಪಕ್ಕ ನಿಲ್ಲಲು ಕರೆದದ್ದು ಥಾಂಪ್ಸನ್ ಅವರನ್ನು. 2023ರಲ್ಲಿ ರೆನಾಲ್ಡ್ಸ್ ಮುಂದೆ ಅವರ ಪ್ರತಿಮೆ ನಿಂತಿತು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಜೋರ್ಡನ್ ಹೆಸರು ಪಟ್ಟಿಯಲ್ಲಿ ಒಂದೇ ಸಲ ಇದೆ, 1984ರಲ್ಲಿ. ಅದಕ್ಕೆ ಮೊದಲಿನ ಮೂರು ವರ್ಷ ವರ್ಜೀನಿಯಾದ ಏಳು ಅಡಿ ನಾಲ್ಕು ಅಂಗುಲದ ರಾಲ್ಫ್ ಸ್ಯಾಂಪ್ಸನ್ ಅವರದು. ಥಾಂಪ್ಸನ್ ಬಿಟ್ಟರೆ ಮೂರು ಸಲ ಗೆದ್ದವರು ಅವರೊಬ್ಬರೇ.

1985, 1986ರ ಹೆಸರು ಓದುವಾಗ ಇಲ್ಲಿನ ಹಿರಿಯರು ಇಂದಿಗೂ ತಡವರಿಸುತ್ತಾರೆ: ಮೇರಿಲ್ಯಾಂಡ್‌ನ ಲೆನ್ ಬಯಸ್. 1986ರ ಫೆಬ್ರುವರಿಯಲ್ಲಿ ಚಾಪೆಲ್ ಹಿಲ್‌ನ ಹೊಚ್ಚಹೊಸ ಡೀನ್ ಸ್ಮಿತ್ ಸೆಂಟರ್‌ನಲ್ಲಿ 35 ಅಂಕ ಗಳಿಸಿ, ಆ ಅಂಗಳದಲ್ಲಿ ನಾರ್ತ್ ಕ್ಯಾರೊಲೈನಾಕ್ಕೆ ಮೊದಲ ಸೋಲು ಕಾಣಿಸಿದವರು. ಜೂನ್ 17ರಂದು ಬಾಸ್ಟನ್ ಸೆಲ್ಟಿಕ್ಸ್ ಅವರನ್ನು ಎರಡನೆಯ ಆಯ್ಕೆಯಾಗಿ ತೆಗೆದುಕೊಂಡಿತು. 19ರ ಬೆಳಿಗ್ಗೆ ಕೊಕೇನ್‌ನಿಂದ ಅವರ ಹೃದಯ ನಿಂತಿತು. ಆಗ ಅವರಿಗೆ 22 ವರ್ಷ. ಸಾವಿನ ಸುದ್ದಿ ಸಂಸತ್ತಿನವರೆಗೆ ಮುಟ್ಟಿ, ಅದೇ ಅಕ್ಟೋಬರಿನಲ್ಲಿ ಮಾದಕವಸ್ತು ವಿರೋಧಿ ಕಾಯಿದೆ ಬಂತು. ಅಲ್ಪ ಪ್ರಮಾಣದ ಕ್ರ್ಯಾಕ್ ಕೊಕೇನ್ ಮಾರಾಟಕ್ಕಿಟ್ಟುಕೊಂಡವರಿಗೂ ಕಡ್ಡಾಯ ಜೈಲು ವಿಧಿಸಿದ ಆ ಕಾಯಿದೆಯ ಭಾರ ಬಿದ್ದದ್ದು ಹೆಚ್ಚಾಗಿ ಕಪ್ಪು ಯುವಕರ ಮೇಲೆ. ಒಬ್ಬ ಹುಡುಗನ ದುಃಖ ಸಾವಿರಾರು ಮನೆಗಳ ದುಃಖವಾಯಿತು.

ಡರಮ್‌ನವರು ಮರೆಯಬಾರದ ಹೆಸರು 1993ರ ರಾಡ್ನಿ ರಾಜರ್ಸ್. ನಗರದ ಮೆಕ್‌ಡೂಗಲ್ಡ್ ಟೆರೇಸ್ ಎಂಬ ಬಡವರ ವಸತಿಯಲ್ಲಿ ಬೆಳೆದು, ಹಿಲ್‌ಸೈಡ್ ಹೈಸ್ಕೂಲಿನಲ್ಲಿ ಆಡಿ ವೇಕ್ ಫಾರೆಸ್ಟ್‌ಗೆ ಹೋದವರು. ಅದೇ ಕಾಲೇಜಿಗೆ 1996, 1997ರಲ್ಲಿ ಪ್ರಶಸ್ತಿ ತಂದ ಟಿಮ್ ಡಂಕನ್ ಕೆರಿಬಿಯನ್ ದ್ವೀಪದ ಹುಡುಗ, ಮೊದಲು ಈಜುಗಾರ. 1989ರ ಹ್ಯೂಗೊ ಚಂಡಮಾರುತ ದ್ವೀಪದ ಈಜುಕೊಳವನ್ನೇ ನಾಶಮಾಡಿದ ಮೇಲೆ ಬಾಸ್ಕೆಟ್‌ಬಾಲ್ ಹಿಡಿದರು. ಕೋಟಿಗಟ್ಟಲೆ ಹಣ ಕೈಬೀಸಿ ಕರೆಯುತ್ತಿದ್ದರೂ ನಾಲ್ಕು ವರ್ಷ ಮುಗಿಸಿ ಪದವಿ ಪಡೆದೇ ಹೊರಟರು. 2016ರ ವಿಜೇತ, ವರ್ಜೀನಿಯಾದ ಮ್ಯಾಲ್ಕಮ್ ಬ್ರಾಗ್ಡನ್, ಆಡುತ್ತಲೇ ಸಾರ್ವಜನಿಕ ನೀತಿಯಲ್ಲಿ ಸ್ನಾತಕೋತ್ತರ ಪದವಿ ಮಾಡಿಕೊಂಡವರು. ಓದೋ ಆಟವೋ ಎಂದು ಮನೆಯಲ್ಲಿ ಜಗಳವಾದಾಗ ನಾನು ಈ ಇಬ್ಬರ ಹೆಸರು ಹೇಳುತ್ತೇನೆ.

2015ರವರೆಗೆ ಮೊದಲ ವರ್ಷದ ವಿದ್ಯಾರ್ಥಿ ಯಾರಿಗೂ ಈ ಪ್ರಶಸ್ತಿ ದಕ್ಕಿರಲಿಲ್ಲ. ಆ ವರ್ಷ ಡ್ಯೂಕ್‌ನ ಜಲೀಲ್ ಒಕಾಫೋರ್‌ಗೆ ಬಂತು. ನಂತರ 2018ರಲ್ಲಿ ಮಾರ್ವಿನ್ ಬ್ಯಾಗ್ಲಿ, 2019ರಲ್ಲಿ ಜಯಾನ್ ವಿಲಿಯಮ್ಸನ್, 2025ರಲ್ಲಿ ಕೂಪರ್ ಫ್ಲ್ಯಾಗ್. ಎಲ್ಲರೂ ಡ್ಯೂಕ್, ಎಲ್ಲರೂ ಒಂದೇ ವರ್ಷ ಆಡಿ ಎನ್‌ಬಿಎಗೆ ಹೋದವರು. ಹೈಸ್ಕೂಲಿನಿಂದ ನೇರವಾಗಿ ಬರುವಂತಿಲ್ಲ ಎಂದು ಎನ್‌ಬಿಎ 2006ರ ಆಯ್ಕೆಯಿಂದ ಜಾರಿಗೆ ತಂದ ನಿಯಮದ ಫಲ ಇದು. ವಿಲಿಯಮ್ಸನ್ ನಾರ್ತ್ ಕ್ಯಾರೊಲೈನಾ ವಿರುದ್ಧ ಮೊದಲ ನಿಮಿಷದಲ್ಲೇ ಶೂ ಹರಿದು ಬಿದ್ದು ಹಲವು ಪಂದ್ಯ ಆಡಲಿಲ್ಲ, ಆದರೂ ಮತ ಅವರಿಗೇ ಬಿತ್ತು. ಅವರ ಆಟ ಕಂಡ ಯಾರಿಗೂ ಅದು ತಪ್ಪೆನಿಸಲಿಲ್ಲ. ಆದರೂ ನನ್ನ ಮನಸ್ಸು ವಾಲುವುದು ನಾಲ್ಕು ವರ್ಷ ಒಂದೇ ಅಂಗಳದಲ್ಲಿ ಬೆಳೆದವರ ಕಡೆಗೆ. 2024ರ ವಿಜೇತ, ನಾರ್ತ್ ಕ್ಯಾರೊಲೈನಾದ ಆರ್.ಜೆ. ಡೇವಿಸ್ ಅಂಥವರು. ಹೆಚ್ಚು ಎತ್ತರವಿಲ್ಲದ ಗಾರ್ಡ್, ನಾಲ್ಕನೆಯ ವರ್ಷದಲ್ಲಿ ಮಯಾಮಿ ವಿರುದ್ಧ 42 ಅಂಕ ಗಳಿಸಿ ಡೀನ್ ಸ್ಮಿತ್ ಸೆಂಟರ್‌ನಲ್ಲಿ ತವರು ತಂಡದ ಆಟಗಾರರ ದಾಖಲೆ ಬರೆದರು. ಊರಿನವರು ಅವರ ತಪ್ಪು ಒಪ್ಪು ಎಲ್ಲವನ್ನೂ ಕಂಡು ಬಲ್ಲರು.

ಮಹಿಳೆಯರ ಪ್ರಶಸ್ತಿ ಶುರುವಾದದ್ದು 1984ರಲ್ಲಿ, ಮೂವತ್ತು ವರ್ಷ ತಡವಾಗಿ. ಡ್ಯೂಕ್‌ನ ಅಲಾನಾ ಬಿಯರ್ಡ್ 2002ರಿಂದ 2004ರವರೆಗೆ, ಗ್ರೀನ್ಸ್‌ಬರೊ ಪಕ್ಕದ ಸಮ್ಮರ್‌ಫೀಲ್ಡ್‌ನ ಎಲಿಜಬೆತ್ ಕಿಟ್ಲಿ ವರ್ಜೀನಿಯಾ ಟೆಕ್ ಪರವಾಗಿ 2022ರಿಂದ 2024ರವರೆಗೆ, ಮೂರು ಮೂರು ಸಲ ಗೆದ್ದರು. ಗಂಡಸರಲ್ಲಿ ಥಾಂಪ್ಸನ್, ಸ್ಯಾಂಪ್ಸನ್ ಹೆಸರು ಹೇಳುವವರು ಇವರಿಬ್ಬರನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಎಂಟು ಕಾಲೇಜುಗಳ ಕೂಟ ಈಗ ಹದಿನೆಂಟರದು. ಸೌತ್ ಕ್ಯಾರೊಲೈನಾ 1971ರಲ್ಲೇ ಹೋಯಿತು, ಮೇರಿಲ್ಯಾಂಡ್ 2014ರಲ್ಲಿ. 2023ರಲ್ಲಿ ಕಚೇರಿ ಗ್ರೀನ್ಸ್‌ಬರೊ ಬಿಟ್ಟು ಶಾರ್ಲಟ್‌ಗೆ ಬಂತು. 2024ರಲ್ಲಿ ಪೆಸಿಫಿಕ್ ದಂಡೆಯ ಸ್ಟ್ಯಾನ್‌ಫರ್ಡ್, ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನ ಎಸ್ಎಂಯು ಸೇರಿಕೊಂಡವು. ಮೊದಲಿನ ಮತದಾರ ಋತುವಿನಲ್ಲಿ ಎಲ್ಲ ಎಂಟು ತಂಡಗಳನ್ನು ಎದುರಿಗೆ ಕುಳಿತು ನೋಡಬಹುದಿತ್ತು. ಪಶ್ಚಿಮ ತೀರದಲ್ಲಿ ರಾತ್ರಿ ಎಂಟಕ್ಕೆ ಶುರುವಾಗುವ ಪಂದ್ಯ ಇಲ್ಲಿಯವರಿಗೆ ಹನ್ನೊಂದಕ್ಕೆ. ಹೀಗಿರುವಾಗ ಮತದಾರ ಯಾರನ್ನು ಕಂಡ, ಯಾರನ್ನು ಕಾಣಲಿಲ್ಲ ಎಂಬ ಹಳೆಯ ಪ್ರಶ್ನೆ ಇನ್ನಷ್ಟು ದೊಡ್ಡದಾಗುತ್ತದೆ. ಅದಕ್ಕೆ ನನ್ನ ಬೇಡಿಕೆ ಇಷ್ಟು: ವಿಜೇತರ ಹೆಸರಿನೊಂದಿಗೆ ಪ್ರತಿ ವರ್ಷದ ಮತಪತ್ರಗಳನ್ನೂ ಜೋಪಾನ ಮಾಡಿ, ಯಾರು ಯಾರಿಗೆ ಮತ ಹಾಕಿದರೆಂಬುದನ್ನು ಓದುಗರಿಗೆ ತೆರೆದಿಡಬೇಕು. 1969 ಮತ್ತು 1970ರವು ಯಾವುದಾದರೂ ಪತ್ರಿಕಾ ಕಚೇರಿಯ ಕಪಾಟಿನಲ್ಲೋ ಬರಹಗಾರರ ಮನೆಯ ಪೆಟ್ಟಿಗೆಯಲ್ಲೋ ಉಳಿದಿದ್ದರೆ, ಮೊದಲು ಅವನ್ನು ಹೊರತರಬೇಕು.